ಭಾನುವಾರದ ಜಮೀನು

ನಮ್ಮ ಯಜಮಾನರು ಆಸ್ಟ್ರೇಲಿಯಾದ ಮೂರು ರಾಜ್ಯಗಳಲ್ಲಿ ಜಮೀನು ನೋಡಿದ್ದಾರೆ. ನೋಡಿದ್ದಾರೆ ಎಂದೆ, ಕೊಂಡಿದ್ದಾರೆ ಎನ್ನಲಿಲ್ಲ. ಅವರು ನೋಡುವಾಗಲೆಲ್ಲ ಕಾರಿನ ಪಕ್ಕದ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ಕೂತಿದ್ದವಳು ನಾನು.

ಆಸೆ ಮೊದಲು ಹುಟ್ಟಿದ್ದು ನನಗೆ. ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ನಲ್ಲಿಯ ಪಕ್ಕ ಒಂದು ಗಿಡ ನೆಡುವುದಕ್ಕೂ ಓನರಮ್ಮನ ಅಪ್ಪಣೆ ಬೇಕಿತ್ತು. ಅಮ್ಮ ಕೇಳದೆ ನೆಟ್ಟ ದಾಸವಾಳವನ್ನು ಆಕೆ ಕೆಲಸದವಳ ಕೈಲಿ ಕಿತ್ತು ಹಾಕಿಸಿದ್ದಳು. ಆ ಹೆಂಗಸಿನ ಮೇಲೆ ನನಗೆ ಈಗಲೂ ಸಿಟ್ಟಿದೆ. ಒಂದಷ್ಟು ಎಕರೆ, ಅದರೊಳಗೆ ಮನೆ, ನಮ್ಮದೇ ತರಕಾರಿ, ಎರಡು ಹಸು. ಯಾರೂ ಬಂದು ಯಾಕೆ ಎಂದು ಕೇಳದ ಜಾಗ. ಮದುವೆಯಾಗಿ ಅಡಿಲೇಡಿಗೆ ಬಂದ ಹೊಸತರಲ್ಲಿ, ಪ್ರಾಸ್ಪೆಕ್ಟ್ ಬಡಾವಣೆಯ ಬಾಡಿಗೆ ಮನೆಯಲ್ಲಿ ಕೂತು ಇದನ್ನು ಹೇಳಿದಾಗ ಇವರು ಕುಣಿದಾಡಿಬಿಟ್ಟರು.

"ಮಾಡೋಣ ಕಣೇ. ಆದ್ರೆ ಸೈಂಟಿಫಿಕ್ ಆಗಿ ಮಾಡೋಣ" ಎಂದರು. ಇವರು ಇಂಜಿನಿಯರು.

ಸೈಂಟಿಫಿಕ್ ಎಂದರೆ ಮೊದಲು ತಾಲ್ಲೂಕು ಆರಿಸುವುದು. ಇಲ್ಲಿ ಅದಕ್ಕೆ ಕೌನ್ಸಿಲ್ ಎನ್ನುತ್ತಾರೆ, ಕೆಲವು ಕಡೆ ಶೈರ್ ಎನ್ನುತ್ತಾರೆ. ಮಳೆ ಎಷ್ಟು, ಮಣ್ಣು ಎಂಥದು, ಕಾಳ್ಗಿಚ್ಚು ಬರುತ್ತದೆಯೇ, ಪ್ರವಾಹ ಬರುತ್ತದೆಯೇ, ಆಸ್ಪತ್ರೆ ಎಷ್ಟು ದೂರ. ವಾರವಿಡೀ ಕಂಪ್ಯೂಟರಿನಲ್ಲಿ ಇವರ ಲೆಕ್ಕಾಚಾರ. ಭಾನುವಾರ ಆ ತಾಲ್ಲೂಕಿನಲ್ಲಿ ಮಾರಾಟಕ್ಕಿರುವ ಜಮೀನಿಗೆ ನಮ್ಮ ಸವಾರಿ.

ನನ್ನ ಪಾಲಿಗೆ ಬಂದದ್ದು ನೀರು. ಮಳೆನೀರಿನ ಟ್ಯಾಂಕು ಎಲ್ಲ ಮನೆಗೂ ಇರುತ್ತದೆ. ಬೇಸಿಗೆಯಲ್ಲಿ ಅದು ತಳ ಕಂಡರೆ ಬೋರಿನ ನೀರೇ ಗತಿ. ನಮ್ಮಜ್ಜಿ ಬಾಡಿಗೆ ಮನೆ ನೋಡಲು ಹೋದರೆ ಅಲ್ಲಿಯ ನೀರು ತಂದು ಒಂದು ಹಿಡಿ ತೊಗರಿಬೇಳೆ ಬೇಯಿಸಿ ನೋಡುತ್ತಿದ್ದಳು. ಗಡಸು ನೀರಿನಲ್ಲಿ ಎಷ್ಟು ಕುದಿಸಿದರೂ ಬೇಳೆ ಬೇಯುವುದಿಲ್ಲ. ನಾನೂ ಅದನ್ನೇ ಹಿಡಿದೆ. ಕಾರಿನ ಡಿಕ್ಕಿಯಲ್ಲಿ ಕ್ಯಾಂಪಿಂಗ್ ಸ್ಟವ್, ಪುಟ್ಟ ಪಾತ್ರೆ, ಬೇಳೆ. ಬೋರಿನ ನೀರು ಹಿಡಿದು ಅಲ್ಲೇ ಒಲೆ ಹಚ್ಚುತ್ತಿದ್ದೆ. ಸೂಟು ಹಾಕಿಕೊಂಡ ಏಜೆಂಟರು ನೊಣ ಓಡಿಸುತ್ತ, ಈಕೆಗೆ ತಲೆ ಸರಿಯಿದೆಯೇ ಎನ್ನುವ ಹಾಗೆ ನೋಡುತ್ತಿದ್ದರು. ನೋಡಲಿ, ಸಾರು ಮಾಡಬೇಕಾದವಳು ನಾನು.

ಅಡಿಲೇಡಿನ ಉತ್ತರಕ್ಕೆ ನಾವು ನೋಡಿದ ಕಡೆಯೆಲ್ಲ ಉಪ್ಪು ನೀರು. ಬೇಳೆ ಜಲ್ಲಿಯ ಹಾಗೆ ಪಾತ್ರೆಯ ತಳದಲ್ಲಿ ಕೂತಿರುತ್ತಿತ್ತು. ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಆಮೇಲೆ ಇವರ ಕೆಲಸ ಪರ್ತ್‌ಗೆ ಬದಲಾಯಿತು. ಅಲ್ಲಿ ಗುಡ್ಡದ ಕಡೆಯ ಒಂದು ಶೈರ್‌ನಲ್ಲಿ ನೀರು ಪರವಾಗಿಲ್ಲ ಎನ್ನುವ ಹಾಗಿತ್ತು, ಬೇಳೆ ಕಷ್ಟಪಟ್ಟು ಬೆಂದಿತು. "ಮಗಳ ಹೈಸ್ಕೂಲ್ ಮುಗೀಲಿ" ಎಂದರು ಇವರು. ಸರಿ ಎಂದು ಸ್ಕೂಲಿಗಾಗಿ ಪೇಟೆಯೊಳಗೆ ವಿಲೆಟನ್ ಬಡಾವಣೆಯಲ್ಲೇ ಉಳಿದೆವು. ಮಗಳ ಹೈಸ್ಕೂಲು ಮುಗಿಯಿತು. ಆಗ ಕಾಳ್ಗಿಚ್ಚಿನ ಭಯ ಅಡ್ಡ ಬಂತು. ಅದಾದ ಮೇಲೆ ಇಂಟರ್ನೆಟ್ ಸಿಗುವುದಿಲ್ಲ ಎಂದಾಯಿತು.

ಅಷ್ಟರಲ್ಲಿ ನಮ್ಮ ಭಾನುವಾರಗಳಿಗೆ ಹೆಸರು ಬಂದಿತ್ತು. ಪಕ್ಕದ ಪಿಯಾರಾ ವಾಟರ್ಸ್ ಬಡಾವಣೆಯ ಕನ್ನಡದ ಸಂಸಾರಗಳು ಚಾಪೆ, ಬ್ಯಾಟು, ಮೊಸರನ್ನ ತುಂಬಿಕೊಂಡು ನಮ್ಮ ಹಿಂದೆ ಹೊರಡುತ್ತಿದ್ದವು. ಯಾರದೋ ಹುಲ್ಲುಗಾವಲಿನಲ್ಲಿ ನಿಂತು ಇವರು ಒಂದು ಹಿಡಿ ಮಣ್ಣು ಎತ್ತಿ ಅದರ ಗುಣದೋಷ ವಿವರಿಸುತ್ತಿದ್ದರು. ಗಂಡಸರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಇವರ ಮುಖದಲ್ಲಿ ಮದುವೆಮನೆಯ ಕಳೆ. ಆ ಕಳೆ ಜಮೀನಿನ ಆಸೆಯದ್ದು ಎಂದು ನಾನು ನಂಬಿದ್ದೆ. ಎಂಥ ಪೆದ್ದಿ.

ಈಗ ಇರುವುದು ಬ್ರಿಸ್ಬೇನ್‌ನಲ್ಲಿ. ಮಗಳು ಮೆಲ್ಬೋರ್ನ್‌ನಲ್ಲಿ ಕೆಲಸಕ್ಕಿದ್ದಾಳೆ. ನನಗೆ ಮಂಡಿನೋವು ಶುರುವಾಗಿದೆ. ಇನ್ನೂ ತಡ ಮಾಡಿದರೆ ಹಸು ಕರೆಯುವುದಿರಲಿ, ಅದರ ಪಕ್ಕ ಕೂರುವುದಕ್ಕೂ ಆಗುವುದಿಲ್ಲ. ಹೋದ ವರ್ಷ ಊರಿನ ಪಶ್ಚಿಮಕ್ಕೆ, ಎರಡು ಗಂಟೆಯ ದಾರಿಯಲ್ಲಿ, ಒಂದು ಜಾಗ ನೋಡಿದೆವು. ಕಪ್ಪು ಮಣ್ಣು. ಮನೆ ಎತ್ತರದಲ್ಲಿ, ಹೊಳೆ ದೂರದಲ್ಲಿ. ಹತ್ತಿರದಲ್ಲೇ ಆಸ್ಪತ್ರೆಯಿರುವ ಪೇಟೆ. ಒಲೆ ಹಚ್ಚಿದೆ. ಬೇಳೆ ಬೆಂದು ಬೆಣ್ಣೆಯಾಯಿತು. ಉಪ್ಪು, ತುಪ್ಪ ಹಾಕಿ ಇಬ್ಬರೂ ಕಾರಿಗೊರಗಿ ನಿಂತು ತಿಂದೆವು.

"ತಗೊಳ್ಳೋಣ ರೀ" ಎಂದೆ.

ಇವರು ಬೇಲಿ ನೋಡಿದರು, ಆಕಾಶ ನೋಡಿದರು.

"ಎಲ್ಲಾ ಸರಿಯಾಗೇ ಇದೆ" ಎಂದರು, ಏನೋ ಕೊರತೆ ಹೇಳುವ ದನಿಯಲ್ಲಿ. ಆಮೇಲೆ ನಕ್ಕರು. "ತಗೊಂಡ್ಬಿಟ್ರೆ ಆಮೇಲೆ ಭಾನುವಾರ ಏನ್ ಮಾಡೋದೇ?"

ತಮಾಷೆ ಎಂದುಕೊಂಡೆ. ಒಂದು ವಾರ ಕಾದೆ, ಇನ್ನೊಂದು ವಾರ ಕಾದೆ. ಕೊನೆಗೆ ಜಗಳವಾಡಿದೆ. ನೋಡೋಣ, ನೋಡೋಣ ಎಂದರೇ ಹೊರತು ಏಜೆಂಟನಿಗೆ ಒಂದು ಫೋನ್ ಮಾಡಲಿಲ್ಲ. ಮಗಳ ಹತ್ತಿರ ಹೇಳಿಕೊಂಡರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಅಮ್ಮಾ, ಡ್ಯಾಡ್ ಜಸ್ಟ್ ಲೈಕ್ಸ್ ಲುಕಿಂಗ್. ಯು ಡಿಡ್ನ್ಟ್ ನೋ?" ಎಂದಳು. ನಾನೇ ಕೊಳ್ಳೋಣವೆಂದರೆ ನನ್ನದು ಚೈಲ್ಡ್‌ಕೇರಿನಲ್ಲಿ ಅರ್ಧ ದಿನದ ಕೆಲಸ. ನನ್ನೊಬ್ಬಳ ಸಹಿ ನೋಡಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಆದರೆ ಇವರ ಬಾಯಿ ಸುಮ್ಮನಿರಬೇಕಲ್ಲ. ಬೆಂಗಳೂರಿನಿಂದ ಬಂದು ಇಲ್ಲಿ ನೆಲೆಸಿರುವ ಒಬ್ಬ ಹುಡುಗ, ಅವನ ಹೆಂಡತಿ, ಇಬ್ಬರ ಮುಂದೆಯೂ ಆ ಜಾಗವನ್ನು ಹಾಡಿ ಹೊಗಳಿದ್ದರು. ಮಣ್ಣು, ಮಳೆ, ಆಸ್ಪತ್ರೆ, ಕೊನೆಗೆ ನನ್ನ ಬೇಳೆಯ ವಿಷಯವನ್ನೂ ಬಿಡಲಿಲ್ಲ. ಅವರು ಮರುದಿನವೇ ಹೋಗಿ ನೋಡಿದರು, ಕೊಂಡರು. ಮೊನ್ನೆ ಗೃಹಪ್ರವೇಶಕ್ಕೆ ಕರೆದರು.

ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೊಟ್ಟೆಕಿಚ್ಚು ಇತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಹೋದೆ. ನಾನು ನುಗ್ಗೆ ನೆಡಬೇಕೆಂದುಕೊಂಡಿದ್ದ ಮೂಲೆಯಲ್ಲಿ ಶಾಮಿಯಾನ ಹಾಕಿದ್ದರು. ಇವರು ಬಂದವರನ್ನೆಲ್ಲ ಕರೆದುಕೊಂಡು ಹೋಗಿ ಬೋರು ತೋರಿಸಿದ್ದೇ ತೋರಿಸಿದ್ದು, ಮಗಳನ್ನು ಒಳ್ಳೆಯ ಮನೆಗೆ ಕೊಟ್ಟ ಮಾವನ ಹಾಗೆ. ಊಟಕ್ಕೆ ಕೂತಾಗ ಆ ಹುಡುಗಿ ಪಾಯಸ ಬಡಿಸುತ್ತ ನನ್ನ ಮುಂದೆ ನಿಂತಳು.

"ಅಂಕಲ್ ಇಲ್ದಿದ್ರೆ ನಮಗೆ ಈ ಜಾಗ ಸಿಕ್ತಾನೇ ಇರ್ಲಿಲ್ಲ ಆಂಟಿ. ನೀವ್ಯಾಕೆ ತಗೊಳ್ಲಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಉತ್ತರ ಬಂತು. "ನಾನೇನೋ ರೆಡಿ ಇದ್ದೆ ಕಣಮ್ಮ. ಇವಳಿಗೆ ಸಿಟಿ ಬಿಟ್ಟು ಇರೋಕಾಗಲ್ಲ."

ಮೈಯೆಲ್ಲ ಉರಿದುಹೋಯಿತು. ಪಂಕ್ತಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ: "ಸುಳ್ಳು. ನಾನು ಇವತ್ತೇ ಬಂದು ಇಲ್ಲಿರ್ತಿದ್ದೆ. ಇವರಿಗೆ ಜಮೀನು ಬೇಕಾಗಿರ್ಲಿಲ್ಲ. ನನ್ನನ್ನ ಕೂರಿಸ್ಕೊಂಡು ಸುತ್ತಾಡ್ಬೇಕಿತ್ತು, ಅಷ್ಟೇ."

ಎದುರು ಸಾಲಿನಿಂದ ಯಾರೋ, "ಈ ವಯಸ್ಸಲ್ಲೂ ಆಂಟೀನ ಸುತ್ತಾಡಿಸ್ತೀರಲ್ಲ ಅಂಕಲ್, ಸೂಪರ್" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಇವರಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.