ಬಾಳೆಲೆಯ ಬೀಡಿ

ಕೊರೋನಾಕ್ಕೆ ನಮ್ಮ ಬೀಡಿ ಬ್ರಾಂಚ್ ಮುಚ್ಚಿ ತಿಂಗಳು ದಾಟಿತ್ತು. ಹೆಂಗಸರು ಕಟ್ಟಿ ತಂದ ಬೀಡಿಯಲ್ಲಿ ಸಡಿಲವಾದದ್ದನ್ನು ಮುರಿದು ಹಾಕುವುದು ಅಲ್ಲಿ ನನ್ನ ಕೆಲಸ. ಈಗ ಅಕ್ಕಿ ಹಂಚಲು ವೇಣೂರಿನ ಕಡೆ ಹೋಗಿದ್ದೆ. ಬಸ್ಸಿಲ್ಲದ ಮಾರ್ಗದಲ್ಲಿ, ನಡುಮಧ್ಯಾಹ್ನ, ಬೀಡಿ ಕಟ್ಟುವವರ ಮನೆಗಳಿಂದ ಕತ್ತರಿಯ ಸದ್ದೊಂದೇ ಕೇಳುತ್ತಿತ್ತು. ಎಲೆ, ಹೊಗೆಸೊಪ್ಪು ಕೊಡುವವರೇ ಇಲ್ಲದಾಗ ಇವರು ಕತ್ತರಿಸುವುದಾದರೂ ಏನನ್ನು?

ನಮ್ಮ ಬ್ರಾಂಚಿಗೆ ಬೀಡಿ ತರುತ್ತಿದ್ದ ಜಲಜಕ್ಕನ ಜಗಲಿ ಹತ್ತಿದೆ. ಅವರೂ ಸೊಸೆಯೂ ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಬಾಡಿಸಿದ ಬಾಳೆಲೆಯನ್ನು ಬೀಡಿಯ ಅಳತೆಗೆ ಕತ್ತರಿಸಿ, ಒಳಗೆ ಏನೂ ಹಾಕದೆ ಸುತ್ತಿ ನೂಲು ಕಟ್ಟುತ್ತಿದ್ದರು. ತಮ್ಮ ಕೈಯತ್ತ ನೋಡುತ್ತಿರಲಿಲ್ಲ, ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಗೋಡೆಯುದ್ದಕ್ಕೂ ಕಟ್ಟುಗಳು. ಹಳೆಯವು ಕಪ್ಪಾಗಿದ್ದವು.

"ಎಂಥದು ಜಲಜಕ್ಕ ಇದು?"

"ಕೈ ನಿಲ್ಲಿಸಿದರೆ ಹಸಿವು ಗೊತ್ತಾಗ್ತದೆ ಅಣ್ಣ," ಎಂದು ಒಂದು ಕಟ್ಟನ್ನು ನನ್ನ ಕೈಗಿಟ್ಟರು.

ಬ್ರಾಂಚ್ ಬೇಗ ತೆರೆಯುತ್ತದೆ ಎಂದು ಏನೇನೋ ಸಮಾಧಾನ ಹೇಳುತ್ತಿದ್ದೆ. ಸೊಸೆ ಒಮ್ಮೆಲೇ ನಕ್ಕಳು. ತಲೆ ತಗ್ಗಿಸಿ ನೋಡಿದರೆ, ಮಾತಾಡುತ್ತಲೇ ನಾನು ಆ ಕಟ್ಟು ಬಿಚ್ಚಿ, ಸಡಿಲವಾದ ನಾಲ್ಕನ್ನು ಮುರಿದು ನೆಲಕ್ಕೆ ಹಾಕಿದ್ದೆ!

ಜಲಜಕ್ಕ ನಗಲಿಲ್ಲ. ನಾಲ್ಕನ್ನೂ ಹೆಕ್ಕಿ, "ಪುನಃ ಕಟ್ಟಿ ಕೊಡ್ತೇನೆ ಅಣ್ಣ," ಎಂದರು.

ನನ್ನ ಬಾಯಿಯೂ ಸುಮ್ಮನಿರಲಿಲ್ಲ ನೋಡಿ. "ಆಯ್ತು, ನಾಳೆ ತನ್ನಿ," ಅಂದುಬಿಟ್ಟಿತು.