ಗುಳ್ಳೆ ಬಾರದ ದಿನ

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಗುಳ್ಳೆಯಕ್ಕ ಎಂದೇ. ಆ ಹೆಸರು ಸುಮ್ಮನೆ ಅಂಟಿದ್ದಲ್ಲ. ಅವಳು ಕೆಲಸ ಮಾಡುವ ಗಾಜಿನ ಚಿಪ್ ಬೆರಳುದ್ದವೂ ಇಲ್ಲ, ಒಳಗೆ ಮಾತ್ರ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು. ಪಂಪು ಅವುಗಳಲ್ಲಿ ರೋಗಿಯ ರಕ್ತವನ್ನು ಮೆಲ್ಲಗೆ ಹರಿಸುತ್ತದೆ. ಒಳ್ಳೆಯ ಕೋಶಗಳು ನುಸುಳಿ ಹೋಗುತ್ತವೆ, ಕ್ಯಾನ್ಸರಿನ ದಪ್ಪ ಕೋಶಗಳು ಪುಟ್ಟ ಕಂಬಗಳ ನಡುವೆ ಸಿಕ್ಕಿಬೀಳುತ್ತವೆ. ನಡುವೆ ಒಂದು ಗಾಳಿಗುಳ್ಳೆ ನುಗ್ಗಿತೋ, ಎಲ್ಲ ಮಣ್ಣುಪಾಲು. ರೋಗಿಯನ್ನು ಕರೆಸಿ ಮತ್ತೆ ಸೂಜಿ ಚುಚ್ಚಬೇಕು. ಆಗ ಅವಳು ಗುಳ್ಳೆಯ ವಂಶವನ್ನೇ ಜಾಲಾಡುತ್ತಿದ್ದಳು. "ಹಾಳಾದ್ದೇ, ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ ನಿಂಗೆ!"

ಮನೆಯಲ್ಲಿ ತಂಗಿ ಈ ಬೈಗುಳವನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಅದೇ ತಂಗಿಯ ಎದೆಯ ಗಡ್ಡೆ ತೆಗೆದಾಗಿತ್ತು, ಔಷಧಿ ಮುಗಿದಿತ್ತು, ಬೋಳಾಗಿದ್ದ ತಲೆಯಲ್ಲಿ ಕೂದಲು ಚಿಗುರುತ್ತಿತ್ತು. ರಕ್ತದಲ್ಲಿ ರೋಗ ಉಳಿದಿದೆಯೇ ಎಂದು ನೋಡುವುದೊಂದೇ ಬಾಕಿ. ಮನೆಯವರ ರಕ್ತವನ್ನು ತಾವೇ ಮುಟ್ಟಬಾರದೆಂಬ ಕಟ್ಟಳೆ ಲ್ಯಾಬಿನಲ್ಲಿದೆ. ಕಟ್ಟಳೆ ಮಾಡಿದವರಿಗೆ ತಂಗಿ ಇರಲಿಲ್ಲವೇನೋ. "ಬೇರೆಯವ್ರು ಗುಳ್ಳೆ ಬಿಟ್ಬಿಡ್ತಾರೆ" ಎಂದು ಹಠ ಹಿಡಿದು ಗುಳ್ಳೆಯಕ್ಕ ಆ ರಕ್ತವನ್ನು ಇಸಿದುಕೊಂಡಳು.

ಮೊದಲು ಉಪ್ಪುನೀರು ಹರಿಸಿ ಕಾಲುವೆಗಳನ್ನು ತೋಯಿಸಿದಳು. ನಳಿಕೆಯ ತುದಿಯಲ್ಲಿ ಹನಿ ಉಬ್ಬಿ ನಿಂತ ಮೇಲೆಯೇ ಗಾಳಿ ನುಸುಳದಂತೆ ಹನಿಗೆ ಹನಿ ಕೂಡಿಸಿ ಅದನ್ನು ಚಿಪ್‌ಗೆ ಜೋಡಿಸಿದಳು. ರಕ್ತ ಹರಿದು ಮುಗಿಯಿತು. ಕ್ಯಾನ್ಸರಿನ ಕೋಶಗಳನ್ನಷ್ಟೇ ಹಸಿರಾಗಿ ಹೊಳೆಯಿಸುವ ಬಣ್ಣ ಹಾಕಿ, ತೊಳೆದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

ಕಂಬಗಳ ನಡುವೆ ಹಸಿರಾಗಿ ಒಂದು ಕೋಶ ಹೊಳೆಯಿತು. ಪಕ್ಕದಲ್ಲಿ ಇನ್ನೊಂದು. ಆಚೆ ಒಂದು ಗುಂಪೇ ಇತ್ತು.

ಇಷ್ಟು ವರ್ಷ ಶಪಿಸಿದ ಗುಳ್ಳೆಯನ್ನು ಈಗ ಮೂಲೆಮೂಲೆಯಲ್ಲೂ ಹುಡುಕಿದಳು. ಒಂದೇ ಒಂದು ಸಿಕ್ಕಿದ್ದರೂ ಸಾಕಿತ್ತು, ಚಿಪ್ ಕೆಟ್ಟಿದೆ, ನಂಬಬೇಡಿ ಎಂದು ಬಿಸಾಡಬಹುದಿತ್ತು. ಎಲ್ಲೂ ಇರಲಿಲ್ಲ. ಇಷ್ಟು ಚೆನ್ನಾಗಿ ಅವಳು ಯಾವತ್ತೂ ಕೆಲಸ ಮಾಡಿರಲಿಲ್ಲ. ತನ್ನ ಕೈಗಳನ್ನೇ ಕಂಡರೆ ಆಗದಂತಾಯಿತು ಅವಳಿಗೆ, ಪಾಪ.

ಹೊರಗೆ ಬೆಂಚಿನ ಮೇಲೆ ತಂಗಿ ಕಾಯುತ್ತಿದ್ದಳು. ಅಕ್ಕನ ಮುಖ ನೋಡಿದವಳೇ ನಕ್ಕು, ಅಂಗಿಯ ತೋಳು ಮಡಚಿ ಕೈ ಚಾಚಿದಳು.

"ಗುಳ್ಳೆ ಬಂತೇನೇ ಅಕ್ಕಾ? ಹೋಗ್ಲಿ ಬಿಡು, ಬೈಬೇಡ ಅದನ್ನ. ಇನ್ನೊಂದ್ಸಲ ತಗೋ."

ಅಕ್ಕ ಆ ಕೈ ಹಿಡಿದುಕೊಂಡು ಪಕ್ಕದಲ್ಲಿ ಕುಳಿತಳು.

"ಇಲ್ಲ ಕಣೇ" ಎಂದಳು. "ಗುಳ್ಳೆ ಬರ್ಲಿಲ್ಲ."

ತಂಗಿ ಮಡಚಿದ ತೋಳನ್ನು ನಿಧಾನವಾಗಿ ಕೆಳಗಿಳಿಸಿಕೊಂಡಳು.