ಲಾರಿಯಡಿಯ ಅಡಿಕೆ ಹಾಳೆ

ಕಳೆದ ವಾರ ಕೊಪ್ಪದ ಬಂಕಿನಲ್ಲಿ ಡೀಸೆಲ್ ಹಾಕಿಸಲು ನಿಂತಿದ್ದೆ. ಪಕ್ಕದಲ್ಲಿ ಯಾರೋ ಲಾರಿಯ ಬಾನೆಟ್ ಎತ್ತಿದರು. ಬೆಲ್ಲದ ಪಾಕ ತಳ ಹಿಡಿಯುವ ಮುಂಚೆ ಬರುತ್ತದಲ್ಲ, ಅಂಥ ಒಂದು ಸಿಹಿ ವಾಸನೆ ಬಂತು. ಎಂಜಿನ್ ತಣಿಸಲು ರೇಡಿಯೇಟರಿನ ನೀರಿಗೆ ಬೆರೆಸುವ ಕೂಲೆಂಟ್ ಎಲ್ಲೋ ಜಿನುಗುತ್ತಿದೆ ಎಂದು ನೋಡದೆಯೇ ಹೇಳಿದೆ. ಆ ಡ್ರೈವರ್ ನನ್ನ ಮುಖ ನೋಡಿದ. ನನ್ನ ಮೂಗಿಗೆ ಆ ಪಾಠ ಕಲಿಸಿದ್ದು ಯಾವ ಮೆಕ್ಯಾನಿಕ್ಕೂ ಅಲ್ಲ, ಜಯಪುರದ ನಮ್ಮ ಲಾರಿಯ ಅಮ್ಮ...

ಲಾರಿ ಅವರದು, ಆದರೆ ಅವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಗಂಡ ಆ ಲಾರಿ ಓಡಿಸಿಕೊಂಡೇ ಸಂಸಾರ ನಡೆಸಿದವರು. ಅವರು ತೀರಿಕೊಂಡಾಗ ನೆಂಟರೆಲ್ಲ ಮಾರಿಬಿಡು ಎಂದರಂತೆ. ಇವರು ಹೂಂ ಹೂಂ ಎನ್ನುತ್ತಲೇ ಡ್ರೈವರ್ ಹುಡುಕಿದರು. ಹಾಗೆ ಸಿಕ್ಕವನು ನಾನು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಲೈಸೆನ್ಸ್ ಹೊಸದು, ಮೀಸೆಯ ಗತ್ತು ಅದಕ್ಕಿಂತ ಹೊಸದು.

ಸೇರಿ ಮೂರು ತಿಂಗಳಾಗಿತ್ತು. ಕಾಫಿ ಕೊಯ್ಲಿನ ಹಂಗಾಮು, ಬೆಳಿಗ್ಗೆ ಉಸಿರು ಬಿಟ್ಟರೆ ಹೊಗೆ ಕಾಣುವಷ್ಟು ಚಳಿ. ಬಾಳೆಹೊನ್ನೂರಿನ ಕಡೆಯ ಒಂದು ಎಸ್ಟೇಟಿನ ಕಾಫಿಯೆಲ್ಲ ನಮ್ಮ ಲಾರಿಗೇ ಲೋಡು. ಅಂಥ ಹೊತ್ತಿನಲ್ಲಿ ಏರು ಹತ್ತುವಾಗ ಟೆಂಪರೇಚರಿನ ಮುಳ್ಳು ಮೇಲೇರತೊಡಗಿತು. ಏರಿದಾಗಲೆಲ್ಲ ನಿಲ್ಲಿಸಿ, ಎಂಜಿನ್ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ನೀರು ತುಂಬುತ್ತಿದ್ದೆ. ಎರಡು ದಿನಕ್ಕೆ ಮತ್ತೆ ಕಮ್ಮಿ. ಎಲ್ಲಿ ಹೋಗುತ್ತದೆ ಎಂದು ಬಗ್ಗಿ ನೋಡಿದರೆ ಒಂದು ಹನಿಯೂ ಕಾಣದು.

ನರಸಿಂಹರಾಜಪುರದಲ್ಲಿ ಒಬ್ಬ ಹಳೇ ಡ್ರೈವರ್, ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಪುಡಿ ಹಾಕು, ಸೋರುವ ಕಡೆ ತಾನೇ ಕಟ್ಟಿಕೊಳ್ಳುತ್ತದೆ ಎಂದ. ದಾರಿಬದಿಯಲ್ಲಿ ಕೆಟ್ಟು ನಿಂತವರು ಮಾಡುವ ಉಪಾಯ ಅದು. ನಾನು ಒಂದರ ಬದಲು ಎರಡು ಹಿಡಿ ಹಾಕಿದೆ. ನಾಲ್ಕು ದಿನ ಸುಮ್ಮನಿತ್ತು. ಐದನೇ ದಿನ ಮುಳ್ಳು ಮತ್ತೆ ಏರಿತು.

ಕೊನೆಗೆ ಕೊಪ್ಪದ ಗ್ಯಾರೇಜಿನ ಮೇಸ್ತ್ರಿಯನ್ನು ಅಮ್ಮ ಅಂಗಳಕ್ಕೇ ಕರೆಸಿದರು. ನಾನು ಆಗಷ್ಟೇ ಟ್ರಿಪ್ ಮುಗಿಸಿ ಬಂದಿದ್ದೆ. ಮೇಸ್ತ್ರಿ ಎಂಜಿನ್ ಓಡುತ್ತಿರುವಾಗಲೇ ಟಾರ್ಚ್ ಬಿಟ್ಟು ಸುತ್ತ ನೋಡಿದರು. ಹೊರಗೆ ಎಲ್ಲೂ ಲೀಕಿಲ್ಲ.

"ಹೆಡ್ ಗ್ಯಾಸ್ಕೆಟ್ ಹೋಗಿದೆ ಅಮ್ಮ, ನೀರು ಒಳಗೇ ಸುಡ್ತಾ ಇದೆ. ಎಂಜಿನ್ ಬಿಚ್ಚೋದೇ ದಾರಿ. ನಿಮ್ಮ ಹುಡುಗ ನೀರಿಲ್ದೆ ಓಡ್ಸಿರ್ಬೇಕು."

ಎಂಜಿನ್ ಬಿಚ್ಚಿದರೆ ಹಂಗಾಮಿನ ಲೋಡು ಬೇರೆಯವರ ಪಾಲು. ಎಂಜಿನ್ ಸುಟ್ಟವನು ಎಂಬ ಹೆಸರು ಬಂದರೆ ಶೃಂಗೇರಿಯಿಂದ ಕೊಪ್ಪದವರೆಗೆ ಯಾರೂ ನನ್ನ ಕೈಗೆ ಸ್ಟೇರಿಂಗ್ ಕೊಡುವುದಿಲ್ಲ.

ಅಮ್ಮ ನನ್ನ ಕಡೆ ತಿರುಗಿದರು. "ನೀರಿಲ್ದೆ ಓಡ್ಸಿದ್ಯ?"

"ಇಲ್ಲ ಅಮ್ಮ. ಮುಳ್ಳು ಏರಿದ ಕೂಡ್ಲೆ ನಿಲ್ಸಿದೀನಿ."

"ಬೇರೆ ಎಂತಾದ್ರೂ ಮಾಡಿದ್ಯ?"

"ಇಲ್ಲ" ಎಂದೆ. ಮೊದಲ ಮಾತು ನಿಜ, ಎರಡನೆಯದು ಶುದ್ಧ ಸುಳ್ಳು.

ಅಮ್ಮ ಆಯಿಲಿನ ಕಡ್ಡಿ ಎಳೆಸಿ ನೋಡಿದರು, ಬೆರಳಿಗೆ ಸವರಿಕೊಂಡರು. "ನೀರು ಒಳಗೆ ಸೇರಿದ್ರೆ ಎಣ್ಣೆ ಮಜ್ಜಿಗೆ ಆಗ್ಬೇಕಂತೆ, ನಮ್ಮನೆಯವರು ಹೇಳ್ತಿದ್ರು. ಇದು ಸರಿಯಾಗೇ ಉಂಟಲ್ಲ?" ಮೇಸ್ತ್ರಿ ನಕ್ಕರು. ಎಲ್ಲಾ ಸಲ ಹಾಗಾಗುವುದಿಲ್ಲ, ನಾಳೆ ಸಾಮಾನು ತಂದು ಬಿಚ್ಚುತ್ತೇನೆ ಎಂದು ಹೊರಟರು. ಅವರು ಹೋದ ಮೇಲೆ ಅಮ್ಮ ಕೊಟ್ಟಿಗೆಯಿಂದ ಮರದಿಂದ ಕಳಚಿ ಬಿದ್ದ ಅಗಲವಾದ ನಾಲ್ಕು ಅಡಿಕೆ ಹಾಳೆ ತಂದು ಎಂಜಿನ್ನಿನ ಅಡಿಗೆ ಸಾಲಾಗಿ ಜೋಡಿಸಿದರು. "ಅಂಗಳದ ಮಣ್ಣು ಕುಡಿದುಬಿಡ್ತದೆ, ಹಾಳೆ ಕುಡಿಯೋದಿಲ್ಲ. ಬೆಳಿಗ್ಗೆ ನಾ ಬರೋ ತನಕ ಸ್ಟಾರ್ಟ್ ಮಾಡ್ಬೇಡ."

ಬೆಳಿಗ್ಗೆ ಹಾಳೆಗಳನ್ನು ಎಳೆದು ನೋಡಿದೆವು. ಮೂರು ಒಣಗಿದ್ದವು. ಎಲ್ಲಕ್ಕಿಂತ ಮುಂದಿದ್ದ ಹಾಳೆಯ ಮೇಲೆ ಹನಿಗಳು. ಕೂಲೆಂಟಿನಂತೆ ಹಸಿರಲ್ಲ, ಹಳದಿ ಕಲಸಿದ ಹಸಿರು. ಅಮ್ಮ ರೇಡಿಯೇಟರಿನ ಮುಚ್ಚಳ ತೆಗೆಸಿ ಮೂಗು ಹತ್ತಿರ ತಂದರು.

"ಇದಕ್ಕೆ ಅರಿಶಿನ ಹಾಕಿದ್ದು ಯಾರು? ಒಗ್ಗರಣೆ ಒಂದು ಬಾಕಿ ಮಾರಾಯ!"

ಒಪ್ಪಿಕೊಂಡೆ. ಬೇರೇನು ಮಾಡಲಿ, ಅಡಿಗೆಮನೆಯಲ್ಲಿ ಆಯುಷ್ಯ ಕಳೆದ ಮೂಗಿನ ಮುಂದೆ ಅರಿಶಿನ ಬಚ್ಚಿಡಲು ಹೋಗಿದ್ದೆ! ಕೆಲಸ ಹೋಯಿತು ಎಂದುಕೊಂಡೆ.

"ಹಾಕಿದ್ದು ತಪ್ಪಲ್ಲ. ಇಲ್ಲ ಅಂದ್ಯಲ್ಲ, ಅದು ತಪ್ಪು. ಕಾಯಿಲೆಯವ ಎಂತ ತಿಂದಿದ್ದು ಅಂತ ಹೇಳ್ದೇ ಇದ್ರೆ ಮದ್ದು ಕೊಡೋದು ಹ್ಯಾಗೆ?" ಎಂದರು. ಅಷ್ಟೇ. ಆಮೇಲೆ ಬಿಳಿ ಪಂಚೆಯ ತುಂಡೊಂದನ್ನು ಕೊಟ್ಟು, ಹನಿ ಬಿದ್ದ ಜಾಗದಿಂದ ಮೇಲಕ್ಕೆ ಒಂದೊಂದೇ ಜಾಯಿಂಟ್ ಒರೆಸಿಸಿದರು. ರೇಡಿಯೇಟರಿನ ಕೆಳಗಿನ ಹೋಸ್ ಪೈಪಿನ ಕ್ಲಿಪ್ ಒರೆಸಿದಾಗ ಬಟ್ಟೆ ಹಳದಿಯಾಯಿತು. ನೋಡಿದರೆ ಕ್ಲಿಪ್ಪಿನ ಹಿಂದೆ ಅರಿಶಿನ ಹಕ್ಕಳೆಗಟ್ಟಿ ಕೂತಿದೆ, ಅದರ ಅಂಚಿನಲ್ಲಿ ಮತ್ತೊಂದು ಹನಿ ಕಟ್ಟುತ್ತಿದೆ.

"ಕುಕ್ಕರಿನ ರಬ್ಬರು ಹಳತಾದ್ರೆ ಶುರುವಿಗೆ ಸೋರ್ತದೆ, ಕಾದ ಮೇಲೆ ಕಚ್ಚಿಕೊಳ್ತದೆ. ಇದೂ ಅದೇ ಜಾತಿ. ನೀವೆಲ್ಲ ಬಿಸಿ ಇದ್ದಾಗ ನೋಡಿ ಇಲ್ಲ ಇಲ್ಲ ಅಂದ್ರಿ" ಎಂದರು ಅಮ್ಮ.

ಮೇಸ್ತ್ರಿ ಸ್ಪಾನರುಗಳ ಚೀಲ ಹೊತ್ತು ಬಂದರು. ಬಗ್ಗಿ ನೋಡಿದರು, ಹಾಳೆ ನೋಡಿದರು, ತಲೆ ಕೆರೆದುಕೊಂಡರು. ದೊಡ್ಡ ಮನುಷ್ಯರು, ತಪ್ಪನ್ನು ಒಪ್ಪಿಕೊಳ್ಳಲು ನನ್ನಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ಹೊಸ ಕ್ಲಿಪ್ ಹಾಕಿ, ರೇಡಿಯೇಟರ್ ತೊಳೆದು, ಹೊಸ ಕೂಲೆಂಟ್ ತುಂಬಿದರು. ಎಂಜಿನ್ ಬಿಚ್ಚಲಿಲ್ಲ. ಮಧ್ಯಾಹ್ನದ ಲೋಡಿಗೆ ನಾನೇ ಹೊರಟೆ, ಏರಿನಲ್ಲಿ ಮುಳ್ಳು ಅಲುಗಲಿಲ್ಲ.

ನಾನು ಹೊರಡುವ ಮೊದಲು ಅಮ್ಮ ಮೇಸ್ತ್ರಿಗೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ನನ್ನ ಡ್ರೈವರ್ ಎಂಜಿನ್ ಸುಟ್ಟಿಲ್ಲ, ಉಳಿಸಿದಾನೆ. ನಿಮ್ಮ ಗ್ಯಾರೇಜಿಗೆ ಬಂದವರಿಗೆಲ್ಲ ಇದನ್ನ ಹೇಳ್ಬೇಕು ನೀವು." ಹಳದಿ ಬಟ್ಟೆ ಆಗ ಅವರ ಸೊಂಟದಲ್ಲಿ ಸಿಕ್ಕಿಕೊಂಡಿತ್ತು. ನನ್ನ ಸುಳ್ಳಿನ ವಿಷಯ ಎತ್ತಲೇ ಇಲ್ಲ. ಆಮೇಲೆ ಬೇರೆಯವರು ಹೆಚ್ಚು ಸಂಬಳಕ್ಕೆ ಕರೆದರೂ ನಾನು ಹೋಗಲಿಲ್ಲ. ಅಂಥವರ ಡ್ರೈವರ್ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ, ಅದನ್ನು ಯಾವ ಸಂಕೋಚವೂ ಇಲ್ಲದೆ ಬರೆಯುತ್ತಿದ್ದೇನೆ.

ಅಂದಿನಿಂದ ಅದು ಪದ್ಧತಿಯಾಯಿತು. ಸಂಜೆ ಲಾರಿ ನಿಲ್ಲಿಸಿ ಹಾಳೆ ಇಡುವುದು, ಬೆಳಿಗ್ಗೆ ಎಳೆದು ನೋಡಿ ಅಂಗಳದಿಂದಲೇ "ಹಾಳೆ ಒಣಗಿದೆ ಅಮ್ಮಾ" ಎಂದು ಕೂಗುವುದು. ಒಳಗಿನಿಂದ "ಹಾಗಾದ್ರೆ ಹೊರಡು ಮಾರಾಯ" ಎಂದು ಬರಬೇಕು, ಆಮೇಲೇ ಕೀ ತಿರುಗಿಸುವುದು. ಒಂದು ದಿನವೂ ತಪ್ಪಿರಲಿಲ್ಲ...

ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಆ ಲಾರಿಯೂ ಗುಜರಿ ಸೇರಿತು. ಈಗ ನನ್ನದೇ ಒಂದು ಲಾರಿ ಇದೆ, ಹೊಸ ಮಾದರಿಯದು. ನೀರು ಕಮ್ಮಿಯಾದರೆ ತಾನೇ ದೀಪ ಹಚ್ಚಿ ಹೇಳುತ್ತದೆ. ಆದರೂ ಹಾಳೆ ಇಡುವುದನ್ನು ಬಿಟ್ಟಿಲ್ಲ. ಇವತ್ತು ಬೆಳಿಗ್ಗೆಯೂ ಎಳೆದು ನೋಡಿದೆ. ಒಣಗಿತ್ತು. ಬಂಕಿನ ಆ ವಾಸನೆ ಇನ್ನೂ ತಲೆಯಲ್ಲಿತ್ತೋ ಏನೋ, "ಹಾಳೆ ಒಣಗಿದೆ ಅಮ್ಮಾ" ಎಂದು ಜೋರಾಗಿಯೇ ಕೂಗಿಬಿಟ್ಟೆ. ಕೀ ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.